ಓದಲು ಮಾತ್ರ

ನಮ್ಮ ಮುದ್ರಣಾಲಯದಲ್ಲಿ ಅವರನ್ನು ಎಲ್ಲರೂ ಅತ್ತೆ ಎಂದೇ ಕರೆಯುವುದು. ಅವರು ಯಾರಿಗೂ ಅತ್ತೆಯಲ್ಲ, ಮದುವೆಯೇ ಆಗಿಲ್ಲ. ಇಪ್ಪತ್ತಾರು ವರ್ಷಗಳಿಂದ ಊರವರ ಕೆಲಸದಲ್ಲೆಲ್ಲ ತಪ್ಪು ಹುಡುಕುವುದು ಅವರ ಉದ್ಯೋಗ, ಅದಕ್ಕೆ ಸಂಬಳ ಬೇರೆ. ಹಾಗಾಗಿ ಆ ಹೆಸರು ಅಂಟಿಕೊಂಡಿತು. ನಾವು ಅಚ್ಚು ಹಾಕುವುದು ಕಣ್ಣು ಕಾಣದವರು ಬೆರಳಿನಿಂದ ಓದುವ ಬ್ರೈಲ್ ಪುಸ್ತಕಗಳನ್ನು. ಅತ್ತೆ ಅವುಗಳ ಕರಡು ತಿದ್ದುತ್ತಾರೆ. ಅವರಿಗೂ ಕಣ್ಣು ಕಾಣುವುದಿಲ್ಲ. ಒಂಬತ್ತನೇ ವಯಸ್ಸಿನಲ್ಲಿ ಜ್ವರ ಬಂದು ದೃಷ್ಟಿ ಹೋಯಿತಂತೆ.

ಅವರು ತಮ್ಮ ಬಲಗೈಯ ತೋರುಬೆರಳನ್ನು ನೋಡಿಕೊಳ್ಳುವ ರೀತಿ ನೋಡಬೇಕು. ಆ ಕೈಯಲ್ಲಿ ಅವರು ಬಿಸಿ ಲೋಟ ಹಿಡಿಯುವುದಿಲ್ಲ, ಚಾಕು ಮುಟ್ಟುವುದಿಲ್ಲ. ಜೊತೆಯಲ್ಲಿರುವ ತಂಗಿ ಹೊಲಿಗೆ ಕೆಲಸದವರು. ಸೂಜಿಗಳ ಡಬ್ಬಿಯನ್ನು ಅಕ್ಕನ ಕೈಗೆ ಸಿಗದಂತೆ ಬೀರುವಿನ ತಲೆಯ ಮೇಲೆ ಇಡುತ್ತಾರೆ. "ನಮ್ಮನೇಲಿ ಮಗು ಇಲ್ಲ, ಬೆರಳಿದೆ" ಎಂದು ಆ ತಂಗಿ ಒಮ್ಮೆ ನನ್ನ ಹತ್ತಿರ ನಕ್ಕಿದ್ದರು. ಕರೆಂಟು ಹೋದರೆ ಮುದ್ರಣಾಲಯದಲ್ಲಿ ಎಲ್ಲರಿಗಿಂತ ಮೊದಲು ಬೈಯುವವರೂ ಅತ್ತೆಯೇ. ಅವರ ಕಂಪ್ಯೂಟರಿಗೆ ಉದ್ದನೆಯ ಪಟ್ಟಿಯೊಂದನ್ನು ಜೋಡಿಸಿದ್ದಾರೆ, ಅದರ ಮೇಲೆ ಸಾಲುಸಾಲಾಗಿ ಎದ್ದು ಬೀಳುವ ಚುಕ್ಕಿಗಳನ್ನು ಮುಟ್ಟಿ ಅವರು ಓದುತ್ತಾರೆ. ಕರೆಂಟಿಲ್ಲದಿದ್ದರೆ ಅದು ಬರೀ ಹಲಗೆ.

ಇನ್ನು ನಾನು. ಯಂತ್ರದ ಕೋಣೆ ನನ್ನದು. ಅಚ್ಚಿನ ಯಂತ್ರ, ಕಂಪ್ಯೂಟರು, ಫ್ಯೂಸು, ಎಲ್ಲಕ್ಕೂ ನಾನೇ. ಮೂಗಿನ ತುದಿಯಲ್ಲೇ ಕೋಪ ಎಂದು ನನ್ನ ಗಂಡ ಹೇಳುತ್ತಾನೆ. ಹೇಳಿ ಸ್ವಲ್ಪ ದೂರ ನಿಲ್ಲುತ್ತಾನೆ.

ಅಕ್ಷರಗಳನ್ನು ಚುಕ್ಕಿಗಳಾಗಿ ಬದಲಿಸುವ ನಮ್ಮ ಪ್ರೋಗ್ರಾಂ ಬಹಳ ಹಳೆಯದು. ಬರೆದುಕೊಟ್ಟವರು ಈಗ ಎಲ್ಲಿದ್ದಾರೋ ಗೊತ್ತಿಲ್ಲ. ಅದು ಓಡುವುದು ಹಳೆಯ ಕಂಪ್ಯೂಟರಿನಲ್ಲಿ ಮಾತ್ರ, ಆ ಕಂಪ್ಯೂಟರು ಒಂದು ದಿನ ಸುಟ್ಟ ವಾಸನೆ ಬಿಟ್ಟು ಕಣ್ಣು ಮುಚ್ಚಿತು. ಹೊಸದನ್ನು ತಂದು, ಅದರೊಳಗೆ ಹಳೆಯದರ ಹಾಗೆಯೇ ನಡೆದುಕೊಳ್ಳುವ ಇನ್ನೊಂದು ಕಂಪ್ಯೂಟರನ್ನು ಕೂರಿಸಿದೆ. ವರ್ಚುವಲ್ ಮಷೀನ್ ಎನ್ನುತ್ತಾರೆ. ಹೊರಗಿನದು ಮನೆ ಮಾಲೀಕ, ಒಳಗಿನದು ಬಾಡಿಗೆಗೆ ಬಂದವನು ಎಂದುಕೊಳ್ಳಿ. ಇಬ್ಬರ ನಡುವಿನ ಗೋಡೆಯಲ್ಲಿ ಎರಡೂ ಕಡೆಗೆ ಬಾಗಿಲಿರುವ ಒಂದು ಕಪಾಟು. ಅದೇ ಶೇರ್ಡ್ ಫೋಲ್ಡರ್. ಟೈಪಿಸ್ಟ್ ಹುಡುಗಿ ಟೈಪ್ ಮಾಡಿದ ಪಾಠವನ್ನು ನಾನು ಹೊರಗಿನಿಂದ ತಂದು ಅಲ್ಲಿಡುತ್ತೇನೆ. ಅತ್ತೆ ಒಳಗಿನಿಂದ ಅದನ್ನು ತೆರೆದು ತಿದ್ದುತ್ತಾರೆ. ನಾನು ಹೊರಗಿನಿಂದ ಎತ್ತಿಕೊಂಡು ಅಚ್ಚಿಗೆ ಹಾಕುತ್ತೇನೆ.

ಇದನ್ನೆಲ್ಲ ಜೋಡಿಸಿದ್ದು ಒಂದು ಶನಿವಾರ. ಮಧ್ಯಾಹ್ನ ಮಗಳ ಶಾಲೆಯಲ್ಲಿ ನಾಟಕವಿತ್ತು, ಅವಳಿಗೆ ಅದರಲ್ಲಿ ಮರದ ಪಾತ್ರ. ನಾನು ನನ್ನ ಲಾಗಿನ್‌ನಿಂದಲೇ ಎಲ್ಲ ಫೈಲುಗಳನ್ನು ನಕಲು ಮಾಡಿ, ಒಂದೆರಡನ್ನು ತೆರೆದು ನೋಡಿ, ಬೀಗ ಹಾಕಿಕೊಂಡು ಓಡಿದೆ. ಸೋಮವಾರದಿಂದ ಕೆಲಸ ನಡೆಯಿತು. ಅತ್ತೆ ಸಂಜೆ ಹೊರಡುವಾಗ ನನ್ನ ಬಾಗಿಲಲ್ಲಿ ನಿಂತು "ಓದಿ ಆಯ್ತಮ್ಮ" ಎನ್ನುತ್ತಿದ್ದರು. ನಾನು ಆ ದಿನದ ಪುಟಗಳನ್ನು ಅಚ್ಚಿಗೆ ಹಾಕುತ್ತಿದ್ದೆ.

ಎಂಟನೆಯ ದಿನ ಒಬ್ಬ ಓದುಗ ಫೋನ್ ಮಾಡಿದರು. ಹೊಸ ಪಾಠಪುಸ್ತಕದ ಮೊದಲ ಭಾಗ ಅವರ ಕೈ ಸೇರಿತ್ತು. "ಇಸವಿ ಇರಬೇಕಾದ ಕಡೆ ಬರೀ ಅಕ್ಷರ ಇದೆ, ಏನಮ್ಮಾ ಇದು?" ಎಂದರು. ಬ್ರೈಲ್‌ನಲ್ಲಿ ಅಂಕಿಗೂ ಅಕ್ಷರಕ್ಕೂ ಚುಕ್ಕಿಗಳು ಒಂದೇ. ಮುಂದೆ ಒಂದು ಗುರುತು ಹಾಕಿದರೆ ಮಾತ್ರ ಅದು ಅಂಕಿ. ನಮ್ಮ ಹಳೆಯ ಪ್ರೋಗ್ರಾಂ ಆವರಣ ಚಿಹ್ನೆಯ ಪಕ್ಕದಲ್ಲಿ ಆ ಗುರುತನ್ನು ನುಂಗುತ್ತದೆ. ಅತ್ತೆಗೆ ಅದು ಅಂಗೈ ಗೆರೆಯಷ್ಟು ಪರಿಚಿತ, ಇಪ್ಪತ್ತಾರು ವರ್ಷದಲ್ಲಿ ಒಂದನ್ನೂ ಬಿಟ್ಟವರಲ್ಲ. ಪ್ರತಿಯನ್ನು ತರಿಸಿ ನೋಡಿದೆ. ಮೂವತ್ತು ಪುಟದಲ್ಲಿ ಹನ್ನೊಂದು ಕಡೆ ಬಿಟ್ಟಿದ್ದರು.

ಬೆರಳು ಮಂದವಾಗಿದೆ ಎಂದು ನಾನು ತೀರ್ಮಾನಿಸಿಬಿಟ್ಟೆ. ಆವತ್ತು ನನಗೆ ನೋವಾಯಿತೆಂದು ಹೇಳಿದರೆ ಅರ್ಧ ಸುಳ್ಳು. ನನ್ನ ಅಚ್ಚಿನಲ್ಲಿ ಚುಕ್ಕಿ ಸ್ವಲ್ಪ ತೆಳುವಾದರೂ ಪುಟ ಎತ್ತಿ ನನ್ನ ಮುಖಕ್ಕೆ ಹಿಡಿಯುತ್ತಿದ್ದವರು ಅವರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಮನಸ್ಸಿನೊಳಗೆ ಒಂದು ಸಣ್ಣ ಖುಷಿ ಮಿಸುಕಾಡಿದ್ದು ನಿಜ. ನೆಟ್ಟಗೆ ಮ್ಯಾನೇಜರ್ ಕೋಣೆಗೆ ಹೋಗಿ, "ಅತ್ತೆಗೆ ಮೊದಲಿನ ಹಾಗೆ ಆಗ್ತಿಲ್ಲ ಸರ್" ಎಂದೆ.

ಅವರು ಪ್ರತಿಯ ಮೇಲೆ ಕೈಯಾಡಿಸಿದರು, ಅರ್ಥವಾದವರ ಹಾಗೆ. "ಅರವತ್ತು ದಾಟ್ತಲ್ಲ. ಈ ಪುಸ್ತಕ ಮುಗೀಲಿ, ಬೇರೆ ಯಾರನ್ನಾದ್ರೂ ನೋಡೋಣ" ಎಂದರು. ಈ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ಅತ್ತೆಯನ್ನು ಕೇಳಲೂ ಇಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಅತ್ತೆ ಗೋಡೆ ಸವರಿಕೊಂಡು ನನ್ನ ಕೋಣೆಗೆ ಬಂದರು. ಕೆಲಸದ ನಡುವೆ ಅವರೇ ಎದ್ದು ಬರುವುದಿಲ್ಲ, ಕೂತಲ್ಲಿಂದಲೇ ಕೂಗುತ್ತಾರೆ.

"ಒಂದು ಸಹಾಯ ಆಗ್ಬೇಕು. ಒಂದು ಕಾಗದ ಬರೆದಿದೀನಿ, ಅದನ್ನ ಆ ಫೋಲ್ಡರ್‌ನಲ್ಲಿ ಇಡ್ಬೇಕು. ಒಂದೇ ಸಲ ಬಾಗಿಲು ತೆಗಿ. ಆಮೇಲೆ ಬೇಕಾದ್ರೆ ಮುಚ್ಕೊ."

"ಮುಚ್ಚೋದೇನು ಅತ್ತೆ? ಅದು ತೆರೆದೇ ಇದೆ."

"ನಿಂಗೆ ತೆರೆದಿದೆ" ಎಂದರು.

ನಮ್ಮ ಮ್ಯಾನೇಜರ್‌ಗೆ ಬ್ರೈಲ್ ಬರುವುದಿಲ್ಲ. ರಜೆಯೋ ದೂರೋ, ಯಾವ ಅರ್ಜಿಯಾದರೂ ಶೇರ್ಡ್ ಫೋಲ್ಡರಿನಲ್ಲಿ ಇಡಬೇಕೆಂದು ಅವರ ಆಜ್ಞೆ. ಅಂಥದ್ದೇ ಏನೋ ಇರಬೇಕೆಂದುಕೊಂಡು ಅವರ ಮೇಜಿಗೆ ಹೋದೆ. ಅತ್ತೆ ಕಾಗದವನ್ನು ಉಳಿಸಲು ಗುಂಡಿ ಒತ್ತಿದರು. ಅವರ ಕಂಪ್ಯೂಟರು ತೆರೆಯ ಮೇಲಿನದನ್ನೆಲ್ಲ ಓದಿ ಹೇಳುತ್ತದೆ. "ಓದಲು ಮಾತ್ರ. ನಿಮಗೆ ಬರೆಯುವ ಅನುಮತಿ ಇಲ್ಲ" ಎಂದಿತು, ಬ್ಯಾಂಕಿನ ಕೌಂಟರಿನಲ್ಲಿ ಕೂತವರ ಹಾಗೆ ನಯವಾಗಿ.

ನಾನು ಅಲ್ಲೇ ಕೂತು ಫೋಲ್ಡರಿನ ಅನುಮತಿ ಬದಲಿಸಿದೆ. ಎಲ್ಲರಿಗೂ ಓದು, ಎಲ್ಲರಿಗೂ ಬರಹ. ಕಂಪ್ಯೂಟರು ಹ್ಞೂಂ ಎಂದಿತು, ತಕರಾರು ಮಾಡಲಿಲ್ಲ. ಮತ್ತೆ ನೋಡಿದರೆ ಎಲ್ಲ ಮೊದಲಿನಂತೆಯೇ. ಇನ್ನೊಮ್ಮೆ ಬದಲಿಸಿದೆ, ಮತ್ತೊಮ್ಮೆ ಬದಲಿಸಿದೆ. ಅರ್ಧ ಗಂಟೆ ಹೀಗೇ ಹೋಯಿತು. ದರಿದ್ರ ಪ್ರೋಗ್ರಾಂ ಎಂದೆ, ದರಿದ್ರ ಕಂಪ್ಯೂಟರ್ ಎಂದೆ, ಮಾರಿದವನ ವಂಶವನ್ನೂ ನೆನೆದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆಮೇಲೆ ಹೊಳೆಯಿತು: ಕಪಾಟು ಮಾಲೀಕನದು. ಬಾಡಿಗೆಯವನು ಒಳಗಿನಿಂದ ಎಷ್ಟು ಸಲ ಬೋರ್ಡು ಬದಲಿಸಿದರೂ ಬೀಗ ಇರುವುದು ಆ ಕಡೆಗೆ.

ಎದ್ದು ನನ್ನ ಕೋಣೆಗೆ ಹೋಗಿ ಹೊರಗಿನ ಕಂಪ್ಯೂಟರಿನಿಂದ ಫೋಲ್ಡರನ್ನು ನೋಡಿದೆ. ಪ್ರತಿಯೊಂದು ಫೈಲಿನ ಮುಂದೆಯೂ ಒಡೆಯರ ಹೆಸರು ಇರುತ್ತದೆ. ಮೇಲಿಂದ ಕೆಳಗಿನವರೆಗೆ ನನ್ನದೇ ಹೆಸರು. ಬರೆಯುವ ಹಕ್ಕು ನನಗೊಬ್ಬಳಿಗೆ, ಉಳಿದವರಿಗೆಲ್ಲ ಓದಲು ಮಾತ್ರ. ಆ ಶನಿವಾರ ನಾನು ನನ್ನ ಲಾಗಿನ್‌ನಿಂದ ನಕಲು ಮಾಡಿದ್ದೆ, ನನ್ನ ಲಾಗಿನ್‌ನಿಂದಲೇ ತೆರೆದು ನೋಡಿದ್ದೆ. ಅತ್ತೆಯ ಹೆಸರಿನಲ್ಲಿ ಒಳಗೆ ಹೋಗಿ ಒಂದಕ್ಷರ ಬರೆದು ನೋಡಿರಲಿಲ್ಲ.

ನಾಚಿಕೆಯಾಗುವ ಬದಲು ನನಗೆ ಗೆದ್ದ ಹಾಗಾಯಿತು, ರೋಗ ಸಿಕ್ಕಿತಲ್ಲ! ಹೊರಗಿನ ಅನುಮತಿ ಸರಿ ಮಾಡಿ ಓಡಿಬಂದೆ. ಮತ್ತೆ ಅದೇ ಮಾತು: ನಿಮಗೆ ಅನುಮತಿ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಒಳಗಿನ ಕಂಪ್ಯೂಟರಿನಲ್ಲಿಯೂ ಆ ಫೋಲ್ಡರಿನಲ್ಲಿ ಬರೆಯಬಹುದಾದವರದೊಂದು ಗುಂಪು ಇರುತ್ತದೆ. ಅದರಲ್ಲೂ ನಾನೊಬ್ಬಳೇ ಇದ್ದೆ. ಅತ್ತೆಯನ್ನು ಸೇರಿಸಿದೆ.

"ಈಗ ಒಂದ್ಸಲ ಲಾಗ್ ಔಟ್ ಆಗಿ ಮತ್ತೆ ಬನ್ನಿ. ಒಳಗಿದ್ದೋರಿಗೆ ಗೊತ್ತಾಗಲ್ಲ, ಹೊರಗೆ ಹೋಗಿ ಬಂದ್ರೇನೇ ಹೊಸ ಅನುಮತಿ ಸಿಗೋದು."

ಅತ್ತೆಯ ಕೈ ಕೀಲಿಗಳ ಮೇಲೆಯೇ ನಿಂತಿತು. "ಹೊರಗೆ ಹೋದ್ರೆ ಮತ್ತೆ ಒಳಗೆ ಬಿಡುತ್ತೆ ತಾನೆ?" ಎಂದರು. ತಮಾಷೆ ಮಾಡುತ್ತಿದ್ದಾರೆಂದು ನಾನು ನಕ್ಕೆ.

ಹೊರಗೆ ಹೋಗಿ ಬಂದರು, ಉಳಿಸುವ ಗುಂಡಿ ಒತ್ತಿದರು. "ಉಳಿಸಲಾಗಿದೆ" ಎಂದಿತು ಕಂಪ್ಯೂಟರು.

"ಆ ಕಡೆ ಸರಿಯಾಗಿ ಬಂದಿದೆಯಾ ನೋಡ್ತೀನಿ ಇರಿ" ಎಂದು ನನ್ನ ಕೋಣೆಗೆ ಹೋದೆ. ಬಂದಿತ್ತು. ತೆರೆಯುತ್ತದೆಯೇ ನೋಡಲು ತೆರೆದೆ. ಮ್ಯಾನೇಜರರಿಗೆ ಬರೆದ ಕಾಗದ, ಐದಾರು ಸಾಲು.

"ನನಗೆ ಇನ್ನು ತಿದ್ದುವ ಅನುಮತಿ ಇಲ್ಲವೆಂದು ಹನ್ನೊಂದು ದಿನಗಳಿಂದ ಕಂಪ್ಯೂಟರಿನ ಮೂಲಕ ದಿನಾಲೂ ತಿಳಿಸುತ್ತಿದ್ದೀರಿ. ಈ ಕೆಲಸವನ್ನು ಯಾರಿಗೆ ವಹಿಸಿದ್ದೀರೋ ಗೊತ್ತಿಲ್ಲ. ಅವರಿಗೆ ಒಳ್ಳೆಯದಾಗಲಿ. ಬಾಯಿಬಿಟ್ಟು ಹೇಳಿದ್ದರೆ ಮೊದಲ ದಿನವೇ ಹೊರಡುತ್ತಿದ್ದೆ. ಈ ತಿಂಗಳ ಕೊನೆಗೆ ನನ್ನನ್ನು ಬಿಡುಗಡೆ ಮಾಡಬೇಕಾಗಿ ಕೋರುತ್ತೇನೆ."

ದಿನಾ ಸಂಜೆ ಬಾಗಿಲಲ್ಲಿ ನಿಂತು "ಓದಿ ಆಯ್ತು" ಎಂದವರು ಒಮ್ಮೆಯೂ ತಿದ್ದಿ ಆಯಿತು ಎಂದಿರಲಿಲ್ಲ. ಇದ್ದದ್ದನ್ನೇ ಹೇಳುತ್ತಿದ್ದರು, ನಾನು ಕೇಳಿಸಿಕೊಂಡಿರಲಿಲ್ಲ.

ಹೋಗಿ ಅವರ ಪಕ್ಕ ನಿಂತೆ. "ಅತ್ತೆ, ಯಾರೂ ನಿಮ್ಮ ಕೆಲಸ ಯಾರಿಗೂ ಕೊಟ್ಟಿಲ್ಲ. ನಾನು ಮಾಡಿದ ತಪ್ಪು ಅದು. ಆತುರದಲ್ಲಿ ಎಲ್ಲಾ ನನ್ನ ಹೆಸರಿಗೇ ಹಾಕ್ಕೊಂಡ್ಬಿಟ್ಟಿದ್ದೆ."

ಅತ್ತೆ ನನ್ನ ಕಡೆ ಮುಖ ತಿರುಗಿಸಿ, "ಹಾಗಾದ್ರೆ ನಾನು ಬಿಟ್ಟಿದ್ದನ್ನ ಯಾರು ತಿದ್ದಿದ್ರು?" ಎಂದರು.

"ಯಾರೂ ಇಲ್ಲ. ಹಾಗೇ ಅಚ್ಚಾಯ್ತು."

"ಹಾಗೇನೇ?" ಅವರ ಮುಖ ಬಿಳಿಚಿತು. ತಮ್ಮ ಕೆಲಸ ಹೋಯಿತೆಂದುಕೊಂಡು ನನ್ನ ಕೋಣೆಗೆ ಬಂದಾಗಲೂ ಅವರ ಮುಖ ಹಾಗಾಗಿರಲಿಲ್ಲ. "ಹನ್ನೊಂದು ದಿನ ನಾನು ಒಂದು ಚುಕ್ಕಿನೂ ತಿದ್ದಿಲ್ಲ. ಯಾರಿಗೂ ಗೊತ್ತಾಗ್ಲಿಲ್ವಾ?"

ಇಲ್ಲ ಎಂದುಬಿಡಬಹುದಿತ್ತು. "ನಂಗೆ ಗೊತ್ತಾಯ್ತು. ನಿಮಗೆ ವಯಸ್ಸಾಯ್ತು ಅಂದ್ಕೊಂಡೆ. ಮ್ಯಾನೇಜರ್‌ಗೂ ಹಾಗೇ ಹೇಳಿದೆ. ಬೇರೆಯವರನ್ನ ನೋಡೋಣ ಅಂದಿದಾರೆ" ಎಂದೆ.

ಬೈಯುತ್ತಾರೆಂದು ಕಾದೆ. ಅವರ ಬೈಗುಳ ನನಗೆ ಆಗ ಬೇಕಿತ್ತು. ಅವರು ಬಗ್ಗಿ ಮೇಜಿನ ಕೆಳಗಿನಿಂದ ಒಂದು ಕಟ್ಟು ದಪ್ಪ ಹಾಳೆ ಎತ್ತಿದರು. ಹನ್ನೊಂದು ದಿನದ ಒಂದೊಂದು ತಪ್ಪನ್ನೂ ಪುಟ, ಸಾಲಿನ ಸಮೇತ ಬ್ರೈಲ್ ಬರೆಯುವ ಮೊಳೆಯಿಂದ ಕೈಯಾರೆ ಚುಚ್ಚಿ ಇಟ್ಟಿದ್ದರು. "ಬೆರಳು ಸುಮ್ನಿರಲ್ಲ, ಏನ್ಮಾಡ್ಲಿ" ಎಂದರು. "ಕೂತ್ಕೊ. ಮೊದಲು ಪುಸ್ತಕ."

ಎರಡು ದಿನ ಹಿಡಿಯಿತು. ಇನ್ನೂರ ಆರು ತಪ್ಪುಗಳು. ಅವರು ಹೇಳಿದರು, ನಾನು ಪುಟ ತೆಗೆದುಕೊಟ್ಟೆ, ತಿದ್ದಿದ್ದು ಅವರೇ. ಅಚ್ಚಾದ ಮೊದಲ ಭಾಗವನ್ನು ವಾಪಸ್ ತರಿಸಿ ಮತ್ತೆ ಹಾಕಿದೆವು. ಮ್ಯಾನೇಜರ್ ಎದುರು ನಿಂತು ನಾನು ನನ್ನ ಮಾತನ್ನು ವಾಪಸ್ ತೆಗೆದುಕೊಂಡೆ. ಅವರು ಆ ಹಾಳೆಗಳ ಮೇಲೆ ಕೈಯಿಟ್ಟು, ಈ ಸಲ ಅರ್ಥವಾದವರ ಹಾಗೆ ನಟಿಸಲಿಲ್ಲ. "ಹಾಗಾದ್ರೆ ಆ ಕಾಗದ ತೆಗೆದುಬಿಡೋಕೆ ಹೇಳಿ" ಎಂದರು.

ಅತ್ತೆ ಒಪ್ಪಲಿಲ್ಲ. "ಅದು ಅಲ್ಲೇ ಇರಲಿ. ಎಲ್ರೂ ಓದೋ ಹಾಗಿರಲಿ, ಬರೆಯೋದು ನಾನೊಬ್ಬಳೇ. ಅಷ್ಟು ಮಾಡಿಕೊಡು" ಎಂದರು. ಮಾಡಿಕೊಟ್ಟೆ. ಅವರ ಲಾಗಿನ್‌ನಿಂದ ಬರೆದು ನೋಡಿದೆ, ನನ್ನದರಿಂದ ಬರೆಯಲು ಹೋಗಿ ಅನುಮತಿ ಇಲ್ಲವೆಂದು ಕಂಪ್ಯೂಟರಿನಿಂದ ಬೈಸಿಕೊಂಡೆ, ಆಮೇಲೆ ಎದ್ದೆ.

ಮರುದಿನ ಕಾಗದದ ಮಾತು ಬದಲಾಗಿತ್ತು. ಈಗ ಅಲ್ಲಿರುವುದು ಒಂದೇ ಸಾಲು: "ನನ್ನ ಬೆರಳು ಇನ್ನು ಸಾಲದು ಎಂದು ನನಗೇ ಅನ್ನಿಸಿದ ಈ ದಿನ ಕೆಲಸ ಬಿಡುತ್ತಿದ್ದೇನೆ." ಕೆಳಗೆ ಅವರ ಹೆಸರು. ಪಕ್ಕದಲ್ಲಿ ತಾರೀಖಿಗೆ ಜಾಗ ಖಾಲಿ.

ಇದಾಗಿ ಎರಡು ವರ್ಷವಾಯಿತು. ಬೆಳಿಗ್ಗೆ ಬಂದವಳು ಮೊದಲು ಅದನ್ನೇ ತೆರೆಯುತ್ತೇನೆ. ತಾರೀಖಿನ ಜಾಗ ನೋಡುತ್ತೇನೆ. ಜಾಗ ಖಾಲಿಯಿದ್ದರೆ ಆಮೇಲೆ ಅಚ್ಚಿನ ಯಂತ್ರದ ಗುಂಡಿ ಒತ್ತುತ್ತೇನೆ.