ಎರಡು ಕರಿ ಬಾಟಲಿಗಳು

ಒಲೆ ಹಚ್ಚುವ ಮೊದಲು ಆಕೆ ಒಂದು ಎಸಳು ಬೆಳ್ಳುಳ್ಳಿ ಜಜ್ಜಿ ಮೂಗಿಗೆ ಹಿಡಿಯುತ್ತಾಳೆ. ಕಣ್ಣು ಮುಚ್ಚಿ, ದೇವರನ್ನು ನೆನೆದು, ಉಸಿರೆಳೆಯುತ್ತಾಳೆ. ಜ್ವರ ಬಿಟ್ಟು ಎದ್ದಾಗಿನಿಂದ ಇದು ಒಂದು ದಿನವೂ ತಪ್ಪಿಲ್ಲ. ಆ ಜ್ವರ ಹೋಗುವಾಗ ವಾಸನೆ, ರುಚಿ ಎರಡನ್ನೂ ಹೊತ್ತುಕೊಂಡು ಹೋಗಿತ್ತು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುವವಳ ಮೂಗೇ ಸತ್ತಿದೆ ಎಂದು ತಿಳಿದರೆ ಕೆಲಸ ಉಳಿಯುತ್ತದೆಯೇ? ಅದಕ್ಕೇ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಅಂದೂ ಬೆಳ್ಳುಳ್ಳಿ ಬರೀ ನೀರಿನ ಹಾಗಿತ್ತು.

ಮಧ್ಯಾಹ್ನ ಅನ್ನದ ಜೊತೆಗೆ ಚೈನೀಸ್ ಬೀನ್ಸ್ ಆಗಬೇಕಿತ್ತು. ಅದಕ್ಕೆ ಕಣ್ಣು, ಕಿವಿ ಸಾಕು ಎಂದು ಆಕೆಗೆ ಒಂದಿಷ್ಟು ಧೈರ್ಯ. ಒರೆಸಿ ಆರಿಸಿದ ಬೀನ್ಸನ್ನು ಕಾದ ಎಣ್ಣೆಗೆ ಹಾಕಿ, ಸಿಪ್ಪೆ ಸುಕ್ಕುಗಟ್ಟಿ ಅಲ್ಲಲ್ಲಿ ಕಂದು ಚುಕ್ಕೆ ಮೂಡುವವರೆಗೆ ಬಾಡಿಸಿ ತೆಗೆದಿಟ್ಟಳು. ಬೆಳ್ಳುಳ್ಳಿ, ಶುಂಠಿ, ಒಣಮೆಣಸಿನಕಾಯಿ ಚುರುಗುಟ್ಟಿದವು. ಬೆಳ್ಳುಳ್ಳಿಯ ಅಂಚು ಕೆಂಪಾಗುತ್ತಲೇ ಬೀನ್ಸನ್ನು ಮತ್ತೆ ಬಾಣಲೆಗೆ ಸುರಿದಳು. ಇನ್ನು ಸೋಯಾ ಸಾಸ್. ಕೈ ಚಾಚಿದವಳು ಹಾಗೇ ನಿಂತುಬಿಟ್ಟಳು.

ಯಾರೋ ಕಪಾಟು ಒರೆಸಿದ್ದರು. ಎಡಕ್ಕೆ ಸೋಯಾ, ಬಲಕ್ಕೆ ಕಪ್ಪು ವಿನೆಗರ್ ಎಂದು ಆಕೆ ಗುರುತಿಟ್ಟುಕೊಂಡಿದ್ದ ಬಾಟಲಿಗಳ ಜಾಗ ಕಲಸಿಹೋಗಿತ್ತು. ದೊಡ್ಡ ಕ್ಯಾನಿನಿಂದ ಹಳೆಯ ಬಾಟಲಿಗಳಿಗೆ ಸುರಿದುಕೊಳ್ಳುವುದು ಆ ಅಡುಗೆಮನೆಯ ರೂಢಿ. ಮೂಸಿದರೆ ತಿಳಿಯುವುದಕ್ಕೆ ಅಲ್ಲಿ ಯಾರೂ ಚೀಟಿ ಅಂಟಿಸುತ್ತಿರಲಿಲ್ಲ. ಆಕೆ ಎರಡನ್ನೂ ಮೂಸಿದಳು. ಬೆರಳಿಗೆ ಹಚ್ಚಿ ನೆಕ್ಕಿದಳು. ಏನೂ ಇಲ್ಲ. ಬಾಣಲೆಯಲ್ಲಿ ಬೆಳ್ಳುಳ್ಳಿ ಕಪ್ಪಿಗೆ ತಿರುಗುತ್ತಿತ್ತು.

"ಏನೇ, ಬಾಟಲಿ ಜೊತೆ ಮಾತುಕತೆನಾ?" ತರಕಾರಿ ಹೆಚ್ಚುವ ಅಕ್ಕ ಕೇಳಿದಳು.

"ಒಲೆ ಆರಿಸಕ್ಕಾ. ಇದ್ರಲ್ಲಿ ಸೋಯಾ ಯಾವ್ದು, ಹೇಳು."

"ಮೂಗೇನು ಮನೇಲಿ ಬಿಟ್ಟು ಬಂದ್ಯಾ?" ನಗಲು ಹೊರಟ ಅಕ್ಕ ಆಕೆಯ ಮುಖ ನೋಡಿ ನಗು ನುಂಗಿಕೊಂಡಳು. ಮೂಸಿ, ಒಂದು ಬಾಟಲಿಯನ್ನು ಮುಂದೆ ಸರಿಸಿದಳು. "ಯಾವಾಗಿಂದ?"

"ಜ್ವರ ಬಂದಾಗಿಂದ."

ಸಾಸ್ ಬಿದ್ದ ಬೀನ್ಸ್ ಹೊಳೆಯುತ್ತ ಪಾತ್ರೆಗಿಳಿಯಿತು. ಅಕ್ಕ ಒಂದನ್ನು ಬಾಯಿಗೆ ಹಾಕಿಕೊಂಡಳು.

"ಚೆನ್ನಾಗೇ ಇದೆ. ಇನ್ಮೇಲೆ ರುಚಿ ನಾನು ನೋಡ್ತೀನಿ ಬಿಡು. ಯಜಮಾನ್ರ ಕಿವಿಗೆ ಬೀಳಲ್ಲ. ನಿನ್ ಕೈ, ನನ್ ನಾಲಿಗೆ."

ಆಕೆ ಕಿಂಡಿಯಾಚೆ ನೋಡಿದಳು. ರೋಗಿಗಳಿಗೆ ಊಟ ಒಯ್ಯಲು ಬಂದವರು ಡಬ್ಬಿ ಹಿಡಿದು ಸಾಲುಗಟ್ಟಿದ್ದರು.

"ಬೇಡಕ್ಕಾ. ನೀನು ಬರದ ದಿನ ಹಳಸಿದ್ದು ಬಡಿಸಿಬಿಟ್ರೆ? ಗ್ಯಾಸ್ ಸೋರಿದ್ರೂ ನಂಗೆ ತಿಳಿಯಲ್ಲ."

"ಕೆಲ್ಸ ಹೋಗುತ್ತೆ ಕಣೇ."

"ಹೋಗ್ಬಹುದು," ಎಂದಳು ಆಕೆ. ಕೈ ಒರೆಸಿಕೊಂಡು ಯಜಮಾನರ ಕೋಣೆಯ ಕಡೆಗೆ ನಡೆದಳು.