ಶೇಡೂಮಾಮಾ ತಪ್ಪಿಸಿದ ರೈಲು

ಹೋದ ವರ್ಷದ ಪಂಚಮಿ ಹಬ್ಬದ ಮಾತು. ನಮ್ಮ ಕಡೆ ಲಗ್ನವಾದ ಹೆಣ್ಣುಮಕ್ಕಳು ತವರಿಗೆ ಬಂದು, ಉಂಡಿ ತಿಂದು, ಜೋಕಾಲಿ ಆಡಿ ಹೋಗುವ ಹಬ್ಬ ಅದು. ಪುಣೆಯಿಂದ ನಮ್ಮ ಸುಜಾತಕ್ಕನೂ ಬಂದಿದ್ದಳು. ಅವಳು ವಾಪಸ್ ಹೊರಟ ದಿನ ನಮ್ಮ ಮನೆಯಲ್ಲಿ ನಡೆದದ್ದನ್ನು ನಾನು ಮರೆಯಲಾರೆ. ಅದಕ್ಕೆಲ್ಲ ಕಾರಣ ನಮ್ಮೂರು ಶೇಡಬಾಳದ ರೈಲ್ವೆ ಸ್ಟೇಷನ್ನು. ಸ್ಟೇಷನ್ನು ಅಂದರೆ ಕಲ್ಲು ಗಾರೆಯದಲ್ಲ, ಮೊಬೈಲಿನೊಳಗಿನದು.

ಮೊದಲು ನನ್ನ ಬಗ್ಗೆ ಹೇಳಿಬಿಡುತ್ತೇನೆ. ನಾನು ಊರ ಮಂದಿಯನ್ನೆಲ್ಲ ಅಣಕಿಸುವವನು. ಕಾಲೇಜಿನ ಪ್ರಿನ್ಸಿಪಾಲರಿಂದ ಹಿಡಿದು ಐನಾಪುರ ಬಸ್ಸಿನ ಕಂಡಕ್ಟರ್ ತನಕ ಯಾರ ದನಿಯೇ ಆಗಲಿ, ಒಂದು ಸಲ ಕೇಳಿದರೆ ಸಾಕು, ಅದು ಬಂದು ನನ್ನ ಗಂಟಲಲ್ಲಿ ಬಾಡಿಗೆ ಕೊಡದೆ ಕೂತುಬಿಡುತ್ತದೆ. ನನ್ನ ಸ್ವಂತ ದನಿ ಮಾತ್ರ ಪಂಕ್ಚರ್ ಆದ ಸೈಕಲ್ಲಿನ ಹಾಗಿದೆ. ಅದಕ್ಕೇ ಮಂದಿಯ ದನಿ ತೊಟ್ಟುಕೊಂಡು ತಿರುಗುತ್ತೇನೆ.

ಏಕಸಂಬಿಯ ಪ್ರವೀಣ ಚಿಕ್ಕೋಡಿಯಲ್ಲಿ ನನ್ನ ಜೊತೆ ಓದಿದವನು. ಮೊಬೈಲಿನಲ್ಲಿ ಆಡುವ ಗೇಮ್ ಮಾಡುವುದು ಅವನ ಹುಚ್ಚು. ಒಮ್ಮೆ ನಮ್ಮೂರ ಸ್ಟೇಷನ್ನಿನಲ್ಲಿ ಗಾಡಿಗೆ ಕಾಯುತ್ತ ಕೂತಾಗ, ಆ ಕಟ್ಟಡ ತನ್ನನ್ನೇ ನೋಡಿ ನಕ್ಕ ಹಾಗಾಯಿತಂತೆ. ಅಲ್ಲೇ ಒಂದು ಪಾತ್ರ ಹುಟ್ಟಿತು. ಹಳದಿ ಬೋರ್ಡೇ ಹಣೆ, ಎರಡು ಕಿಟಕಿಗಳೇ ಕಣ್ಣು, ಟಿಕೆಟ್ ಕಿಂಡಿಯೇ ಬಾಯಿ, ಕಿಂಡಿಯ ಮೇಲೊಂದು ದಪ್ಪ ಮೀಸೆ. ಹೆಸರು ಶೇಡೂಮಾಮಾ. ಗೇಮಿನಲ್ಲಿ ಒಬ್ಬ ಹೆಣ್ಣುಮಗಳು ಚೀಲ ಹಿಡಿದು ಮಿರಜ್ ಗಾಡಿ ಹತ್ತಬೇಕು. ಹತ್ತದ ಹಾಗೆ ಮಾಡುವುದೇ ಮಾಮಾನ ಕೆಲಸ. ಯಾರೂ ಊರು ಬಿಟ್ಟು ಹೋಗಬಾರದು ಅಂತ ಅವನ ಹಟ. ಎದುರಿಗೆ ನಗುತ್ತಾನೆ, ಒಳಗೊಳಗೇ ಸಂಚು ಹೂಡುತ್ತಾನೆ.

“ದನಿ ನೀನ ಕೊಡಬೇಕ್ ದೋಸ್ತ” ಅಂದ ಪ್ರವೀಣ.

ನಾನು ಪ್ರಿನ್ಸಿಪಾಲರ ದನಿ ತೆಗೆದೆ. ಬ್ಯಾಡ ಅಂದ. ದ್ರಾಕ್ಷಿ ದಲಾಲನ ದನಿ ತೆಗೆದೆ. ಅದೂ ಬ್ಯಾಡ. ಲಗ್ನದ ಮನೆಯಲ್ಲಿ ಮೈಕು ಹಿಡಿದು, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಮಂದಿಯನ್ನು ಊಟಕ್ಕೆ ಕರೆಯುವವನ ದನಿ ತೆಗೆದೆ. ಪ್ರವೀಣ ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನನ್ನೇ ತೆಗೆದಿಟ್ಟ.

“ಎಲ್ಲಾರೂ ಒದರಾಕತ್ತಾರಲೇ. ಸಂಚ ಮಾಡಾವ್ರು ಒದರ್ತಾರೇನು? ಮೆತ್ತಗ, ಪ್ರೀತಿಲೆ ಮಾತಾಡಿ ಕಾಲ ಕಟ್ಟಿಹಾಕ್ತಾರ. ಹಂತಾವ್ರ ಯಾರೂ ಗೊತ್ತಿಲ್ಲೇನ್ ನಿನಗ?”

ಗೊತ್ತಿದ್ದರು. ನಮ್ಮ ಅವ್ವ.

ಸುಜಾತಕ್ಕ ಪುಣೆಗೆ ಹೊರಟಾಗಲೆಲ್ಲ ಅವ್ವ ಅವಳ ರೈಲು ತಪ್ಪಿಸುತ್ತಿದ್ದಳು. ಜಗಳವಿಲ್ಲ, ಕಣ್ಣೀರಿಲ್ಲ. “ಹೋಗವ್ವಾ, ಯಾರ್ ಬ್ಯಾಡ ಅಂದಾರ?” ಅನ್ನುವಳು. ಆಮೇಲೆ, “ರೊಟ್ಟಿ ಹಂಚಿನ ಮ್ಯಾಲ ಐತಿ, ಒಂದ ತಿಂದ ಹೋಗು” ಅನ್ನುವಳು. ನೋಡಿದರೆ ಹಿಟ್ಟು ಇನ್ನೂ ಡಬ್ಬಿಯಲ್ಲೇ ಇರುತ್ತಿತ್ತು. ಮಗಳನ್ನು ಉಡಿ ತುಂಬದೆ ಕಳಿಸುವ ಹಾಗಿಲ್ಲ. ಸೆರಗಿನಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಕುಬಸದ ಕಣ ಹಾಕಿಯೇ ಕಳಿಸಬೇಕು. ಅವ್ವ ಆಟೋ ಬಾಗಿಲಿಗೆ ಬರುವ ತನಕ ಸುಮ್ಮನಿದ್ದು, ಆಮೇಲೆ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಳು. “ಈ ಕಾಯಾಗ ನೀರಿಲ್ಲವ್ವಾ. ಒಣಾ ಕಾಯಿ ಹಾಕಿ ಹೆಂಗ ಕಳಸ್ಲಿ?” ಬೇರೆ ಕಾಯಿ ತರಲು ನಾನು ಅಂಗಡಿಗೆ ಓಡಬೇಕು. ಹೊಸ್ತಿಲು ದಾಟುವಾಗ ನನಗಷ್ಟೇ ಕೇಳುವ ಹಾಗೆ, “ಸಾವಕಾಶ ಬಾರಲೇ ಮಂಗ್ಯಾ” ಅನ್ನುವಳು. ಮಂಗಳವಾರ, ಶುಕ್ರವಾರ ಮಗಳನ್ನು ಕಳಿಸಬಾರದು ಅನ್ನುವುದು ಎಲ್ಲರ ಮನೆಯ ಪದ್ಧತಿ. ನಮ್ಮ ಮನೆಯಲ್ಲಿ ಗುರುವಾರವೂ “ಅಷ್ಟೇನ್ ಚಲೋ ಅಲ್ಲ”, ಶನಿವಾರ “ವಿಚಾರ ಮಾಡಿ ಹೋಗೂ ದಿನ”. ಅಕ್ಕನ ಗಂಡ, ಅಂದರೆ ನಮ್ಮ ದಾಜಿ, “ನಿಮ್ಮೂರಾಗ ವಾರಕ್ಕ ಎಷ್ಟ ದಿನ ರೈಲ ಓಡ್ತಾವ್ರಿ?” ಎಂದು ಫೋನಿನಲ್ಲಿ ಕೇಳುತ್ತಿದ್ದ.

ಗೇಮಿನ ಮಾತು ಬರುವ ಮೊದಲೇ ಅವ್ವನಿಗೆ ಲಕ್ವಾ ಹೊಡೆದಿತ್ತು. ಬಲಗೈ, ಬಲಗಾಲು ಬಿದ್ದವು. ಮಾತು ಪೂರಾ ಹೋಯಿತು. ಎಲ್ಲಾ ತಿಳಿಯುತ್ತದೆ, ಬಾಯಿಂದ ಮಾತ್ರ “ಆಂ” ಬಿಟ್ಟು ಬೇರೇನೂ ಬರುವುದಿಲ್ಲ. ಎಡಗೈಯಲ್ಲಿ ಉಡಿ ತುಂಬಬಾರದು ಅಂತ ಅದನ್ನೂ ಬಿಟ್ಟಳು. ಪಕ್ಕದ ಮನೆಯ ಪದ್ಮಾ ಕಾಕು ಬಂದು ಚಕಚಕ ತುಂಬಿ ಹೋಗುವಳು. ಅಲ್ಲಿಂದ ಮುಂದೆ ಅಕ್ಕನ ಒಂದು ರೈಲೂ ತಪ್ಪಲಿಲ್ಲ. ಆಟೋ ಬರುವ ಮೊದಲೇ ಚೀಲ ಹೊಸ್ತಿಲಲ್ಲಿರುತ್ತಿತ್ತು. ಅಕ್ಕ ಸುಮ್ಮನೆ ಅಡುಗೆಮನೆಗೆ ಹೋಗಿ ನೀರು ಕುಡಿಯುವಳು, ಹೊರಗೆ ಬರುವಳು, ಮತ್ತೆ ಹೋಗಿ ನೀರು ಕುಡಿಯುವಳು. ತಡೆಯುವವರು ಯಾರೂ ಇಲ್ಲ. ಅವಳು ಹೋದ ಮೇಲೆ ಅವ್ವ ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗುವಳು.

ಅವತ್ತು ಪ್ರವೀಣನ ಖೋಲಿಯಲ್ಲಿ ಹೊರಗಿನ ಗದ್ದಲ ಕೇಳಬಾರದು ಅಂತ ಕೌದಿ ಹೊದ್ದು ಕೂತು, ಅವ್ವನ ಆ ಮಾತುಗಳನ್ನೆಲ್ಲ ಅವ್ವನ ದನಿಯಲ್ಲೇ ಹೇಳಿದೆ. ಕೌದಿ ಸರಿಸಿದಾಗ ಪ್ರವೀಣ ಅದನ್ನೇ ಮತ್ತೆ ಹಚ್ಚಿ ಕೇಳುತ್ತಿದ್ದ.

“ಯಾರಲೇ ಇವ್ರು?” ಅಂದ.

“ಶೇಡೂಮಾಮಾ” ಅಂದೆ.

ಅದು ಅವ್ವನ ದನಿ ಅಂತ ಮನೆಯಲ್ಲಿ ಹೇಳುವ ಧೈರ್ಯವಾಗಲಿಲ್ಲ. ಆದರೆ ಬಾಯಿ ಸುಮ್ಮನಿರಬೇಕಲ್ಲ, ಗೇಮಿಗೆ ದನಿ ಕೊಟ್ಟಿದ್ದೇನೆ ಅಂತ ಅಕ್ಕನ ಮುಂದೆ ಜಂಬ ಕೊಚ್ಚಿಬಿಟ್ಟಿದ್ದೆ. ಪಂಚಮಿ ಮುಗಿಸಿ ಅಕ್ಕ ಹೊರಡುವ ದಿನ ಪದ್ಮಾ ಕಾಕು ಉಡಿ ತುಂಬಿ ಆಗಿತ್ತು, ಆಟೋ ಇನ್ನೂ ಬಂದಿರಲಿಲ್ಲ.

“ಎಲ್ಲೈತಿ ನಿನ್ ಗೇಮು? ತೋರಸ್ಲೇ, ಒಂದೀಟ ನಕ್ಕ ಹೋಗ್ತೇನಿ” ಅಂದಳು ಅಕ್ಕ.

“ಆಮ್ಯಾಲ ಲಿಂಕ್ ಕಳಸ್ತೇನಿ ತಗೋ.”

“ಯಾಕ, ಅಷ್ಟ ಕೆಟ್ಟ ಮಾಡೀ ಏನು?” ಎಂದು ಫೋನು ಕಸಿದುಕೊಂಡಳು. ಸ್ಟೇಷನ್ನಿನ ಮೀಸೆ ನೋಡಿ ಬಿದ್ದು ಬಿದ್ದು ನಕ್ಕಳು. ಅವನ ಮೂತಿಯ ಮೇಲೆ ಬೆರಳು ಒತ್ತಿದಳು.

“ಹೋಗವ್ವಾ, ಯಾರ್ ಬ್ಯಾಡ ಅಂದಾರ?”

ಅಕ್ಕನ ನಗು ನಿಂತಿತು. ಪದ್ಮಾ ಕಾಕು ಅಡುಗೆಮನೆಯ ಕಡೆ ತಿರುಗಿ ನೋಡಿದಳು. ಆ ದನಿ ಯಾವಾಗಲೂ ಬರುತ್ತಿದ್ದದ್ದು ಅಲ್ಲಿಂದಲೇ. ಊರನ್ನೆಲ್ಲ ಅಣಕಿಸಿದ ನನಗೆ ಹೊರಸಿನ ಕಡೆ ನೋಡಲು ಆಗಲಿಲ್ಲ. ಕೊನೆಗೆ ನೋಡಿದಾಗ ಅವ್ವ ಎಡಗೈ ಚಾಚಿದ್ದಳು. ಫೋನು ಕೊಡು ಅಂತ.

ಕೊಟ್ಟೆವು. ಅವ್ವ ಎದೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಒತ್ತಿದಳು. ಒತ್ತಿದ ಹಾಗೆಲ್ಲ ಮಾಮಾ ಒಂದೊಂದು ಮಾತು ಆಡುತ್ತಾನೆ. ಯಾವ ಕಡೆ ಒತ್ತಿದರೆ ಯಾವ ಮಾತು ಅನ್ನುವುದು ಅವಳಿಗೆ ಬೇಗನೆ ತಿಳಿಯಿತು. ಅಷ್ಟರಲ್ಲಿ ಹೊರಗೆ ಆಟೋ ಹಾರ್ನ್ ಹೊಡೆಯಿತು. ಅಕ್ಕ ಎದ್ದು ಚೀಲ ಎತ್ತಿಕೊಂಡು, “ಬರ್ತೇನಿ ಬೇ ಯವ್ವಾ” ಅಂದಳು.

ಅವ್ವ ಅವಳ ಮುಖ ನೋಡಿ ಒತ್ತಿದಳು. “ಈ ಕಾಯಾಗ ನೀರಿಲ್ಲವ್ವಾ. ಒಣಾ ಕಾಯಿ ಹಾಕಿ ಹೆಂಗ ಕಳಸ್ಲಿ?”

ಅಕ್ಕ ಹೊಸ್ತಿಲಲ್ಲೇ ನಿಂತಳು. “ಐತಿ ಬೇ ನೀರು. ಕಾಕು ನೋಡೇ ಹಾಕ್ಯಾರ.”

“ರೊಟ್ಟಿ ಹಂಚಿನ ಮ್ಯಾಲ ಐತಿ, ಒಂದ ತಿಂದ ಹೋಗು.”

“ಕಟಗೊಂಡೇನಿ. ಗಾಡಿ ಬರೂ ಹೊತ್ತಾತ್ ಬೇ!”

“ಹೋಗವ್ವಾ, ಯಾರ್ ಬ್ಯಾಡ ಅಂದಾರ?”

“ನೀನ! ಮತ್ಯಾರು? ಪ್ರತಿ ಸರ್ತಿ ನಿಂದ ಇದ. ಅಲ್ಲೆ ಹೋದ್ರ ನಿನ್ನ ಅಳಿಯನ ಕಡೆ ಬೈಸ್ಕೊಳ್ಳಾಕಿ ನಾನು!” ಅಕ್ಕನ ದನಿ ಏರಿತ್ತು, ಕಣ್ಣಲ್ಲಿ ನೀರಿತ್ತು. ಆದರೂ ಅದು ಮೊದಲಿನದೇ ಜಗಳ, ಚೂರೂ ಕಡಿಮೆಯಿಲ್ಲ. ನಾನು ನಡುವೆ ಬಾಯಿ ಹಾಕಲಿಲ್ಲ. ಹಾಕಬೇಕಾದ ಬಾಯಿ ಆಗಲೇ ಫೋನಿನಲ್ಲಿತ್ತು.

ಆಟೋದವನು ಒಳಗೆ ಇಣುಕಿದ. “ಹೋಗೂದೈತೋ ಇಲ್ರೀ ಅಕ್ಕಾರ?”

ಅವ್ವ ಅವನ ಕಡೆ ನೋಡುತ್ತಲೇ ಒತ್ತಿದಳು. “ಇವತ್ತ ದಿನಾ ಅಷ್ಟೇನ್ ಚಲೋ ಇಲ್ಲ, ನಾಳೆ ಹೋಗಿಯಂತ.”

ಅವನಿಗೇನು ಗೊತ್ತು ಪಾಪ, ಅಕ್ಕನನ್ನು ಬಿಟ್ಟು ಸೀದಾ ಅವ್ವನನ್ನೇ ಕೇಳಿದ. “ಹಂಗಾರ ನಾಳೆ ಬರ್ಲೇನ್ರೀ ಅವ್ವಾರ?”

“ಆಂ” ಅಂದಳು ಅವ್ವ. ಅವನು ತಲೆಯಾಡಿಸಿ ಆಟೋ ತಿರುಗಿಸಿಕೊಂಡು ಹೋದ. ಮಾತು ಹೋದಾಗಿನಿಂದ ಅವ್ವನನ್ನು ಒಂದು ಮಾತು ಕೇಳಿ, ಅವಳು ಹೇಳಿದ ಹಾಗೆ ನಡೆದ ಮೊದಲ ಮನುಷ್ಯ ಅವನೇ. ನಾವು ಮನೆಯವರು ಸೈತ ಕೇಳುವುದನ್ನು ಬಿಟ್ಟಿದ್ದೆವು.

ಸ್ವಲ್ಪ ಹೊತ್ತಿಗೆ ಕಬ್ಬಿನ ಹೊಲದ ಆಚೆಯಿಂದ ಗಾಡಿ ಕೂಗಿದ್ದು ಕೇಳಿಸಿತು. ಅಕ್ಕ ಚೀಲ ಅಲ್ಲೇ ಬಿಟ್ಟು ಹೊರಸಿನ ಹತ್ತಿರ ನೆಲದ ಮೇಲೆ ಕೂತು, ಅವ್ವನ ತೊಡೆಗೆ ಹಣೆ ಹಚ್ಚಿದಳು. “ಆತ್ ಬೇ. ಗೆದ್ದಿ” ಅಂದಳು. ಅವ್ವ ಅರ್ಧ ತುಟಿಯಲ್ಲಿ ನಕ್ಕಳು.

ಮರುದಿನ ಅವ್ವ ಫೋನು ಮುಟ್ಟಲಿಲ್ಲ. ಪದ್ಮಾ ಕಾಕು ತಾಟು ಹಿಡಿದು ಬಂದಾಗ ಅಕ್ಕ ಅವ್ವನ ಮುಂದೆ ಕೂತು ಸೆರಗು ಒಡ್ಡಿದಳು. “ಅವ್ವ ತುಂಬ್ಲಿ” ಅಂದಳು.

“ಎಡಗೈಲೇನ?” ಅಂದಳು ಕಾಕು.

“ಇದ್ದ ಕೈಲೆ.”

ಅವ್ವ ಒಂದೊಂದೇ ಹಿಡಿ ಅಕ್ಕಿ ಎತ್ತಿ ಹಾಕಿದಳು. ಅರ್ಧ ಸೆರಗಿಗೆ, ಅರ್ಧ ನೆಲಕ್ಕೆ. ತುಂಬಾ ಸಾವಕಾಶ. ಕೈ ಏಳದೆ ಸಾವಕಾಶವೋ, ಬೇಕೆಂದೇ ಸಾವಕಾಶವೋ ನಮಗ್ಯಾರಿಗೂ ತಿಳಿಯಲಿಲ್ಲ. ಅಕ್ಕನೂ ಅವಸರ ಮಾಡಲಿಲ್ಲ. ಅವತ್ತು ಓಡಿ ಹೋಗಿ ಗಾಡಿ ಹಿಡಿದಳು.

ಈಗ ಆ ಗೇಮನ್ನು ಅಥಣಿ, ರಾಯಬಾಗ, ನಿಪ್ಪಾಣಿ ಕಡೆಯ ಹುಡುಗರೂ ಆಡುತ್ತಾರೆ. “ಮಾಮಾ ಭಾಳ ಕಿಲಾಡಿ” ಅಂತ ಬರೆಯುತ್ತಾರೆ. ನನಗೆ ಖುಷಿಯಾಗುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಅವ್ವನ ನಿಜವಾದ ದನಿ ನಮ್ಮ ಹತ್ತಿರ ಎಲ್ಲೂ ಇಲ್ಲ. ಅಕ್ಕನ ಲಗ್ನದ ವಿಡಿಯೋದಲ್ಲಿ ಅವ್ವ ಬಾಯಿ ಆಡಿಸುತ್ತಾಳೆ, ವಿಡಿಯೋದವನು ಅದರ ಮೇಲೆ ಸನಾದಿ ಕೂಡಿಸಿಬಿಟ್ಟಿದ್ದಾನೆ. ಉಳಿದವರನ್ನು ಅಣಕಿಸಿದರೆ ತಿದ್ದಲು ಅವರೇ ಇದ್ದಾರೆ. ಪ್ರಿನ್ಸಿಪಾಲರು ಒಮ್ಮೆ ಬಾಗಿಲ ಹಿಂದೆ ನಿಂತು ಪೂರ್ತಿ ಕೇಳಿ, “ಕೆಮ್ಮೂದ ಸ್ವಲ್ಪ ಕಡಿಮಿ ಮಾಡಪಾ, ನಾ ಅಷ್ಟ ಮುದುಕ ಆಗಿಲ್ಲ” ಎಂದು ಹೋಗಿದ್ದರು. ಅವ್ವನನ್ನು ಕೇಳಿದರೆ ತಲೆ ಆಡಿಸುತ್ತಾಳೆ, ಹೌದೋ ಅಲ್ಲವೋ ತಿಳಿಯದ ಹಾಗೆ.

ಈಚೆಗೆ ಕಣ್ಣು ಮುಚ್ಚಿ ಅವಳ ಮಾತು ನೆನೆಸಿಕೊಂಡರೆ ನನ್ನ ದನಿಯೇ ಕೇಳಿಸುತ್ತದೆ. ಅದರೊಳಗೆ ಎಲ್ಲೋ ಅವಳದು ಇರಬೇಕು ಅಂತ ಹುಡುಕುತ್ತೇನೆ. ಒಂದು ದಿನ ಅವ್ವ ಆ ಫೋನನ್ನು ನನ್ನ ಮೈಮೇಲೆ ಒಗೆದು, “ಹಂಗಲ್ಲಲೇ, ನಾ ಯಾವಾಗ ಹಂಗ ಮಾತಾಡೇನಿ?” ಅಂತ ಬಾಯಿ ತುಂಬಾ ಬೈಯಲಿ. ನನ್ನ ಅಣಕು ಪೂರಾ ತಪ್ಪಾಗಿರಲಿ.