ಕುಮಿಸ್ ಬಟ್ಟಲು ಮುಟ್ಟದ ಉಲ್ಕಾನಕ್ಕ

ಸೂರ್ಯ ಇನ್ನೂ ಬೆಟ್ಟದ ಆಚೆಗಿದ್ದಾನೆ. ನರೀನ್ ಸೀಮೆಯ ಈ ಎತ್ತರದ ಹುಲ್ಲುಗಾವಲಿನಲ್ಲಿ ಮೊದಲ ಹೊಗೆ ಏಳುವ ಹೊತ್ತಿಗೆ ಉಲ್ಕಾನ್ ಕುದುರೆಯಿಂದ ಇಳಿದು, ಔಷಧದ ಚೀಲ ಹೆಗಲಿಗೇರಿಸಿ, ಶಾರ್ಕುಲ್ ಅಜ್ಜಿಯ ಗುಡಾರದ ಪರದೆ ಎತ್ತುತ್ತಾರೆ. ಅವರು ಕೆಳಗಿನ ಹಳ್ಳಿಯ ಆರೋಗ್ಯ ಸಹಾಯಕಿ. ಬೇಸಿಗೆಯಲ್ಲಿ ಕುರಿ ಕುದುರೆಗಳ ಹಿಂದೆ ಊರಿಗೆ ಊರೇ ಮೇಲೆ ಬಂದುಬಿಡುವುದರಿಂದ ಅವರ ಆಸ್ಪತ್ರೆಯೂ ಕುದುರೆಯ ಬೆನ್ನೇರುತ್ತದೆ. ಸುಮಾರು ನಲವತ್ತು ಗುಡಾರಗಳಿಗೆ ಇವರೊಬ್ಬರೇ.

ಅಜ್ಜಿ ಬಟ್ಟಲು ತುಂಬ ಕುಮಿಸ್ ಹಿಡಿದು ನಿಂತಿದ್ದಾರೆ. ಹುಳಿಬಂದ ಕುದುರೆ ಹಾಲು ಅದು; ಬಂದವರು ಒಂದು ಗುಟುಕೂ ಕುಡಿಯದೆ ಹೋದರೆ ಮನೆಗೇ ಅವಮಾನ.

"ಮಾತ್ರೆ ಮುಗೀತಾ ಅಜ್ಜಿ?"

"ಕೊನೇದು ಒಂದಿದೆ, ಕೊಡ್ತೀನಿ. ಮೊದ್ಲು ನೀನು ಕುಡಿ."

"ಮೊಮ್ಮಗಳು ನುಂಗ್ಲಿ, ಆಮೇಲೆ ನೋಡೋಣ."

"ಏನು ಹಠಾನೆ ನಿಂದು. ನಮ್ಮ ಹೇಸರಗತ್ತೇನೇ ವಾಸಿ."

ಈ ಜಗಳಕ್ಕೊಂದು ಹಿನ್ನೆಲೆಯಿದೆ. ಅಜ್ಜಿಯ ಮೊಮ್ಮಗಳು, ಏಳು ವರ್ಷದ ಬೆರ್ಮೆತ್‌ಗೆ ಜ್ವರ ಬಂದು ಮೈಯೆಲ್ಲ ಕೆಂಪು ದದ್ದು ಎದ್ದಾಗ ಅಜ್ಜಿ ಅದನ್ನು ದಡಾರ ಎಂದುಕೊಂಡು, ದದ್ದು ಪೂರ್ತಿ ಹೊರಬರಲೆಂದು ಕೆಂಪು ಶಾಲು ಹೊದಿಸಿ ಮಲಗಿಸಿದ್ದರು. ಉಲ್ಕಾನ್ ಬಂದು ಬೆನ್ನು ಸವರಿ ನೋಡಿದರೆ ಚರ್ಮ ಮರಳು ಕಾಗದದಂತೆ ತರಿತರಿ. ನಾಲಿಗೆ ಕೆಂಪೋ ಕೆಂಪು, ಬಾಯಿಯ ಸುತ್ತ ಮಾತ್ರ ಬಿಳಿಚಿಕೊಂಡಿತ್ತು. ಅದು ಸ್ಕಾರ್ಲೆಟ್ ಜ್ವರ. ಹತ್ತು ದಿನದ ಮಾತ್ರೆ ಕೊಟ್ಟು ಹೋದರು.

ದದ್ದು ಬೇಗನೆ ಮಾಯವಾಯಿತು. ಮತ್ತೆ ಬಂದು ನೋಡಿದಾಗ ಮಾತ್ರೆಗಳೂ ಮಾಯ. ಕೆಮ್ಮುತ್ತಿದ್ದ ಕುದುರೆಮರಿಗೆ ಅಜ್ಜಿ ಅವನ್ನು ಹಾಲಿನಲ್ಲಿ ಅರೆದು ಕುಡಿಸಿದ್ದರು. "ಹುಡುಗಿ ಹುಷಾರಾಗಿದ್ಲಲ್ಲ. ಒಳ್ಳೆ ಮಾತ್ರೆ ಸುಮ್ನೆ ಹಾಳು ಮಾಡೋಕಾಗುತ್ತಾ?" ಎಂದು ಅಜ್ಜಿ ಈಗಲೂ ವಾದಿಸುತ್ತಾರೆ. ಮರಿಯ ಕೆಮ್ಮು ಮಾತ್ರ ಹಾಗೇ ಇದೆ.

ಅಂದು ಉಲ್ಕಾನ್ ರೇಗಲಿಲ್ಲ, ಒಲೆಯ ಪಕ್ಕ ಕೂತರು. "ನೋಡಿ ಅಜ್ಜಿ, ಒಲೆ ಒಂದೇ ಕಡೆ ಉರಿದ್ರೂ ಹೊಗೆ ಗುಡಾರಕ್ಕೆಲ್ಲ ತುಂಬಲ್ವಾ? ಬ್ಯಾಕ್ಟೀರಿಯಾ ಕೂತಿರೋದು ಗಂಟಲಲ್ಲಿ. ಅದು ಬಿಡೋ ವಿಷ ರಕ್ತಕ್ಕೆ ಸೇರಿ ಮೈ ಕೆಂಪಾಗುತ್ತೆ. ಹೊಗೆ ಹೋದ ಮಾತ್ರಕ್ಕೆ ಕೆಂಡ ಆರಿತು ಅನ್ಕೋಬೇಡಿ." ಮಾತ್ರೆಯನ್ನು ಮೊದಲಿಂದ ಶುರುಮಾಡಿಸಿ, ಅದು ಮುಗಿಯುವವರೆಗೆ ಈ ಮನೆಯ ಕುಮಿಸ್ ಮುಟ್ಟುವುದಿಲ್ಲ ಎಂದು ಎದ್ದರು. ಅಜ್ಜಿಗೆ ಅಂಥ ಬೆದರಿಕೆ ಇನ್ನೊಂದಿಲ್ಲ. ಅಂದಿನಿಂದ ಒಂದು ಹೊತ್ತೂ ತಪ್ಪಿಲ್ಲ. ಒಂದೇ ಬಟ್ಟಲು ಕೈಯಿಂದ ಕೈಗೆ ದಾಟುವ ಈ ಮನೆಯಲ್ಲಿ, ಸೋಂಕು ಹರಡದಿರಲೆಂದು ಬೆರ್ಮೆತ್‌ಗೆ ಬೇರೆ ಬಟ್ಟಲೂ ಬಂದಿದೆ.

ಇಷ್ಟು ಹಠ ಯಾಕೆ ಎಂದರೆ ಉಲ್ಕಾನ್ ತಮ್ಮನ ಮಾತೆತ್ತುತ್ತಾರೆ. ಚಿಕ್ಕವನಿದ್ದಾಗ ಅವನಿಗೂ ಇದೇ ಜ್ವರ. ದದ್ದು ಹೋಯಿತೆಂದು ಮನೆಯವರು ಔಷಧ ಬಿಡಿಸಿದರು. ಕೆಲವು ವಾರಕ್ಕೆ ಕೀಲು ಊದಿ, ಹೃದಯಕ್ಕೆ ಪೆಟ್ಟು ಬಿತ್ತು. "ಈಗ ಅವನು ಎರಡು ಮಕ್ಕಳ ಅಪ್ಪ. ಕೆಳಗೇ ಅಂಗಡಿ ಇಟ್ಕೊಂಡಿದಾನೆ. ನಾವೆಲ್ಲ ಗುಡ್ಡಕ್ಕೆ ಹೊರಟಾಗ ಬಾಗಿಲಲ್ಲಿ ನಿಂತು ನೋಡ್ತಾನೆ. ಹತ್ತೋಕೆ ಉಸಿರು ಸಾಲಲ್ಲ." ಆ ಸಂಕಟಕ್ಕೇ ಅವರು ಪಟ್ಟಣಕ್ಕೆ ಹೋಗಿ ಈ ಕೆಲಸ ಕಲಿತು ಬಂದದ್ದು.

ಬೆರ್ಮೆತ್ ಕೊನೆಯ ಮಾತ್ರೆ ನುಂಗಿ, ಸಾಕ್ಷಿಗೆ ನಾಲಿಗೆ ಚಾಚುತ್ತಾಳೆ. ಉಲ್ಕಾನ್ ಅವಳ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕಣ್ಣು ಮುಚ್ಚುತ್ತಾರೆ. ಅಜ್ಜಿ ಬಟ್ಟಲು ಹಿಡಿದು ಪಕ್ಕದಲ್ಲೇ ಕಾಯುತ್ತಾರೆ.

"ಎದೆಬಡಿತ ಚೆನ್ನಾಗಿದೆ. ಮುಂದಿನ ತಿಂಗಳು ಇನ್ನೊಂದ್ಸಲ ಕೇಳ್ತೀನಿ."

ಹುಡುಗಿ ಆಗಲೇ ಹೊರಗೋಡಿ, ಕೆಮ್ಮುವ ಮರಿಯನ್ನು ಅಟ್ಟಿಸಿಕೊಂಡು ದಿಬ್ಬ ಹತ್ತುತ್ತಿದ್ದಾಳೆ. ಉಲ್ಕಾನ್ ಹಿಂದೆಯೇ ಬಾಗಿಲಿಗೆ ಬಂದು, ಅವಳು ತುದಿ ಮುಟ್ಟುವವರೆಗೂ ನೋಡುತ್ತಾರೆ. ತುದಿಯಲ್ಲಿ ನಿಂತು ಅವಳು ಏನೋ ಕೂಗುತ್ತಾಳೆ, ದನಿಯಲ್ಲಿ ಏದುಸಿರಿಲ್ಲ.

"ಕೊಡಿ ಅಜ್ಜಿ," ಎಂದು ಉಲ್ಕಾನ್ ಕೈ ಚಾಚುತ್ತಾರೆ. "ಬಟ್ಟಲು ತುಂಬ ಕೊಡಿ."